ಹಗೇವಿಗೆ ಕಿವಿಯಿಟ್ಟ ಬೇಸಿಗೆ

ಆ ಸದ್ದು ನಿಜವಾಗಿಯೂ ಇತ್ತೋ ಇಲ್ಲವೋ, ಈಗ ನನಗೆ ಖಚಿತವಿಲ್ಲ. ಕೇಳಿದ್ದು ನೆನಪಿದೆ. ಆದರೆ ನನ್ನ ನೆನಪಿನಲ್ಲಿ ಆ ಬೇಸಿಗೆಯ ಮಳೆ ಎರಡು ಥರ ಬರುತ್ತದೆ. ಒಂದರಲ್ಲಿ ನಾವೆಲ್ಲ ನೆಲದೊಳಗೆ ರಾಗಿ ಹೂಳಿಡುವ ಹಗೇವಿನ ಸುತ್ತ ಕೆಸರಿನಲ್ಲಿ ನಿಂತಿದ್ದೇವೆ. ಇನ್ನೊಂದರಲ್ಲಿ ಅದೇ ದಿನ, ಅದೇ ಜನ, ಅಂಗಳದ ನೆಲ ಬಿರುಕು ಬಿಟ್ಟಿದೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಎರಡೂ ಸುಳ್ಳಾಗಿರಬಹುದು. ಸಮಾಜಶಾಸ್ತ್ರದ ಎಂ.ಎ. ತರಗತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು: ಹೇಳುವವನ ಮಾತನ್ನು ಸುಮ್ಮನೆ ನಂಬಬೇಡಿ, ಅವನು ಯಾಕೆ ಹಾಗೆ ಹೇಳುತ್ತಿದ್ದಾನೆಂದು ನೋಡಿ. ಹೇಳುವವನು ನಾನೇ ಆದಾಗ ಏನು ಮಾಡಬೇಕೆಂದು ಯಾರೂ ಹೇಳಿಕೊಡಲಿಲ್ಲ.

ತೊಂಬತ್ತರ ದಶಕದ ನಡುಭಾಗ. ನಾನು ಎರಡು ಕೆಲಸ ಬಿಟ್ಟು ಮೂರನೆಯದಕ್ಕೆ ಅಲೆಯುತ್ತಿದ್ದೆ. ಬೆಂಗಳೂರಿನ ಒಂದು ಸಣ್ಣ ಸಂಸ್ಥೆ ದೊಡ್ಡಬಳ್ಳಾಪುರದಾಚೆಯ ಹಳ್ಳಿಯೊಂದರಲ್ಲಿ ಕಲಾವಿದರಿಗಾಗಿ ಶಿಬಿರ ನಡೆಸಲು ಹೊರಟಿತ್ತು. ಕಲಾವಿದರು ಸುಗ್ಗಿಯಿಂದ ಮುಂಗಾರಿನ ತನಕ ಊರಲ್ಲೇ ಇರಬೇಕು. ಯಂತ್ರ, ಬೆಳೆ, ಊಟ, ಇವುಗಳ ಮೇಲೆ ಕೃತಿ ಮಾಡಬೇಕು. ಮಣ್ಣು ಕೆಡದೆ, ನೀರು ಬತ್ತದೆ ನಾಳೆಯ ಜನ ಏನು ಉಣ್ಣುತ್ತಾರೆ ಎಂಬ ಪ್ರಶ್ನೆಗೆ ಕಲೆ ಏನಾದರೂ ಉತ್ತರ ಕೊಡಬಹುದೆಂದು ಆ ಸಂಸ್ಥೆಯವರಿಗೆ ನಂಬಿಕೆಯಿತ್ತು. ನನಗಿರಲಿಲ್ಲ. ನಡೆದದ್ದನ್ನು ಬರೆದಿಡುವುದು, ಊರವರ ಮಾತನ್ನು ಕಲಾವಿದರಿಗೆ, ಕಲಾವಿದರ ಮಾತನ್ನು ಊರವರಿಗೆ ದಾಟಿಸುವುದು ನನ್ನ ಕೆಲಸ.

ನಮಗೆ ಕೊಟ್ಟಿದ್ದು ದ್ರಾಕ್ಷಿ ತೋಟದ ಪಕ್ಕದ ಒಂದು ಶೆಡ್ಡು. ಹಿಂದೆ ಅಲ್ಲಿ ಪವರ್‌ಲೂಮ್‌ಗಳಿದ್ದವು. ಮಗ್ಗಗಳನ್ನು ಕಿತ್ತು ಮಾರಿದ ಮೇಲೆ ನೆಲದಲ್ಲಿ ಬೋಲ್ಟುಗಳ ಗುಣಿಗಳು ಉಳಿದಿದ್ದವು; ಅವುಗಳ ಮೇಲೇ ಚಾಪೆ ಹಾಸಿಕೊಂಡು ಮಲಗುತ್ತಿದ್ದೆವು. ಊರಲ್ಲಿ ಮುಕ್ಕಾಲು ಪಾಲು ಮಗ್ಗದ ಮನೆಗಳು. ಕರೆಂಟು ಇರುವಷ್ಟು ಹೊತ್ತು ನೆಲವೇ ಸಣ್ಣಗೆ ನಡುಗುತ್ತಿತ್ತು. ಕರೆಂಟು ಹೋದ ಕೂಡಲೇ ಎಲ್ಲ ಮಗ್ಗಗಳೂ ಒಟ್ಟಿಗೆ ನಿಂತು, ಕೋಳಿ ಕೆದಕುವುದು, ಯಾರೋ ಕೆಮ್ಮುವುದು ಕೇಳುತ್ತಿತ್ತು.

ನಾವು ಏನು ಮಾಡಲು ಬಂದಿದ್ದೇವೆಂದು ಊರಿಗೆ ತಿಳಿಸಲು ನಾನು ಪಟ್ಟ ಪಾಡು ಮಾತ್ರ ಸ್ಪಷ್ಟವಾಗಿ ನೆನಪಿದೆ. ನಾಲ್ಕು ಮಗ್ಗ ಇಟ್ಟುಕೊಂಡಿದ್ದ ಒಬ್ಬ ಮಾತುಗಾರ ಮೊದಲ ದಿನವೇ ನನ್ನನ್ನು ಟೀ ಅಂಗಡಿಯಲ್ಲಿ ಹಿಡಿದ.

"ರೆಸಿಡೆನ್ಸಿ ಅಂತ ಬೋರ್ಡ್ ಹಾಕಿದೀರಲ್ಲ ಗುರು, ಲಾಡ್ಜಾ?"

"ಅಲ್ಲಪ್ಪ, ಕಲಾವಿದರು ಇದ್ದು ಕೆಲಸ ಮಾಡೋ ಜಾಗ."

"ಏನ್ ಕೆಲಸ?"

"ಊಟದ ಮೇಲೆ."

"ಅಡುಗೆಯವ್ರಾ?"

"ಅಲ್ಲ."

"ಅಂಗಾದ್ರೆ ತಿನ್ನೋರು ಅನ್ನು!"

ಟೀ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅದಕ್ಕಿಂತ ಸರಿಯಾದ ವಿವರಣೆ ನನಗೂ ತೋಚಿರಲಿಲ್ಲ.

ಶಿಬಿರದಲ್ಲಿದ್ದ ಕಲಾವಿದರಲ್ಲಿ ಇಲ್ಲಿ ಹೇಳಬೇಕಾದವಳು ಒಬ್ಬ ಶಿಲ್ಪಿ. ಮೈಸೂರಿನವಳು, ಹೊರರಾಜ್ಯದಲ್ಲಿ ಕಲಿತು ಬಂದವಳು. ಕಲ್ಲು, ಕಂಚು ಮುಟ್ಟುವುದನ್ನು ಬಿಟ್ಟಿದ್ದಳು. ಕಣ್ಣಿಗೆ ಕಾಣದ್ದನ್ನು ಕೇಳಿಸಬೇಕು ಎನ್ನುತ್ತಿದ್ದಳು. ಅವಳ ಚೀಲದ ತುಂಬ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹೆಕ್ಕಿ ತಂದ ಮೈಕು, ತಂತಿ, ಮುಳ್ಳಿನ ಮೀಟರು. ಊರಿಗೆ ಬಂದ ಮೊದಲ ವಾರದಲ್ಲೇ ಅವಳು ದೊಡ್ಡಮ್ಮನ ಅಂಗಳದ ಹಗೇವನ್ನು ಕಂಡಳು.

ದೊಡ್ಡಮ್ಮ ಎಂದು ಊರೆಲ್ಲ ಕರೆಯುತ್ತಿದ್ದುದು ಆ ಟೀ ಅಂಗಡಿ ಮಾತುಗಾರನ ಅತ್ತಿಗೆಯನ್ನು. ಗಂಡ ಇರಲಿಲ್ಲ. ಮೈದುನಂದಿರ ಮಗ್ಗಗಳ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದರು. ಮಗ್ಗದವರಾದರೂ ಆ ವಂಶದ ನಾಲ್ಕು ಮನೆಗಳಿಗೂ ಊರಾಚೆ ಒಂದಿಷ್ಟು ಹೊಲವಿತ್ತು, ವರ್ಷದ ರಾಗಿ ಬರುತ್ತಿತ್ತು. ಅದನ್ನು ನೆಲದೊಳಗೆ ಇಡುವುದು ಹಿಂದಿನಿಂದ ಬಂದ ಪದ್ಧತಿ. ಹಗೇವು ಹೂಜಿಯಂತೆ: ಬಾಯಿ ಒಬ್ಬ ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ಒಳಗೆ ಹುಲ್ಲು ಉರಿಸಿ ಗೋಡೆ ಒಣಗಿಸಿ, ರಾಗಿ ಹುಲ್ಲು ಒತ್ತಿ, ನಾಲ್ಕು ಮನೆಯ ರಾಗಿಯನ್ನೂ ಒಟ್ಟಿಗೆ ಸುರಿದು, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ಗಾಳಿ ಹೋಗಬಾರದು, ನೀರು ಹೋಗಬಾರದು. ಅಷ್ಟಾದರೆ ರಾಗಿ ವರ್ಷಗಟ್ಟಲೆ ಹಾಗೇ ಇರುತ್ತದೆ. ತೆಗೆದಾಗ ಇವರ ಪಾಲು ಯಾವುದು, ಅವರ ಪಾಲು ಯಾವುದು ಎಂದು ಕಾಳು ನೋಡಿ ಹೇಳುವಂತಿಲ್ಲ. ಹಾಕಿದಷ್ಟು ಕೊಳಗ ಅಳೆದುಕೊಂಡು ಹೋಗಬೇಕು. ಅಳೆದು ಕೊಡುತ್ತಿದ್ದವರು ದೊಡ್ಡಮ್ಮ. ಅವರಿಗಿಂತ ಮೊದಲು ಅವರ ಅತ್ತೆ.

ಊರಲ್ಲಿ ಉಳಿದಿದ್ದ ಹಗೇವು ಅದೊಂದೇ. ಉಳಿದವನ್ನು ಒಬ್ಬೊಬ್ಬರಾಗಿ ಮುಚ್ಚಿ ಮೇಲೆ ಮನೆ ಕಟ್ಟಿಕೊಂಡಿದ್ದರು. ಆ ವರ್ಷ ಮೈದುನಂದಿರ ಮನೆಗಳೂ ತಕರಾರು ತೆಗೆದಿದ್ದವು. ರಾಗಿಯನ್ನು ಕಣದಿಂದ ನೇರ ಸಂತೆಗೆ ಹಾಕಿ, ಬೇಕಾದಾಗ ಮಿಲ್ಲಿನಿಂದ ಹಿಟ್ಟು ತಂದರಾಯಿತು, ಹೂಳುವುದು ಯಾಕೆ, ಎತ್ತುವುದು ಯಾಕೆ ಎಂಬ ವಾದ. ಇದೊಂದು ಸಲ ಹಾಕಿ ಎಂದು ದೊಡ್ಡಮ್ಮ ಮೂರೂ ಮನೆಗೆ ಹೋಗಿ ಕೇಳಿಕೊಂಡಿದ್ದರು. ಈ ಸಲ ಚೆನ್ನಾಗಿ ಬಂದರೆ ಮುಂದೆಯೂ ಹಾಕುತ್ತಾರೆ, ಇಲ್ಲವಾದರೆ ಮುಗಿಯಿತು ಎಂಬುದು ಅವರಿಗೆ ಗೊತ್ತಿತ್ತು. ಕನ್ನಡಕ ನೋಡಿ ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದರು.

"ನಾನಿರೋ ಗಂಟ ಆದ್ರೂ ಅದು ತುಂಬ್ತಾ ಇರ್ಬೇಕು ಮೇಷ್ಟ್ರೇ. ನಮ್ಮತ್ತೆ ಕೈಯಿಂದ ನನ್ ಕೈಗೆ ಬಂದಿದ್ದು. ನನ್ ಕೈಯಾಗೆ ನಿಂತೋಯ್ತು ಅನ್ನಂಗ್ ಆಗ್ಬಾರ್ದು."

ಅದಕ್ಕಾಗಿಯೇ ಅವರು ಶಿಲ್ಪಿಗೆ ಒಪ್ಪಿಗೆ ಕೊಟ್ಟದ್ದು. ರಾಗಿಯ ನಡುವೆ ಒಂದು ಮೈಕು, ಒಂದು ಉಷ್ಣ ಅಳೆಯುವ ತಂತಿ ಇಳಿಬಿಟ್ಟು, ನೆಲದೊಳಗಿನ ಧಾನ್ಯದ ಸದ್ದನ್ನು ಶೆಡ್ಡಿನಲ್ಲಿ ಕೇಳಿಸುವುದು ಶಿಲ್ಪಿಯ ಯೋಜನೆ. ಶಿಬಿರದ ಕೊನೆಯ ದಿನ ಎಲ್ಲರ ಮುಂದೆ ಹಗೇವು ತೆಗೆದು, ಆ ರಾಗಿಯಲ್ಲೇ ಮುದ್ದೆ ಮಾಡಿ ಬಡಿಸುವುದು. ನಾನು ಇದನ್ನು ಬಿಡಿಸಿ ಹೇಳಿದಾಗ ದೊಡ್ಡಮ್ಮ ಕೈಲಿದ್ದ ಕಂಡಿಕೆ ಸುತ್ತಿ ಮುಗಿಸಿದರು. ಆಮೇಲೆ ಹೇಳಿದರು: "ಪ್ಯಾಟೆಯಿಂದ ಜನ ಕಾರ್ ಮಾಡ್ಕಂಡು ಬಂದು ನೋಡಿದ್ರೆ, ನಮ್ಮೋರಿಗೂ ಇದ್ರಾಗೆ ಏನೋ ಐತೆ ಅನ್ಸುತ್ತೆ. ಹಾಕು ತಾಯಿ, ಹಾಕು."

ಟೀ ಅಂಗಡಿಯ ಆ ಮಾತುಗಾರ ಮೈದುನನೂ ಹುರುಪಿನಿಂದ ಬಂದ. ತಂತಿ ಮೇಲೆ ಬರಲು ತನ್ನ ಮಗ್ಗದ ಮನೆಯಲ್ಲಿ ಉಳಿದಿದ್ದ ವೈರಿಂಗ್ ಪೈಪಿನ ತುಂಡು ತಂದುಕೊಟ್ಟ. "ನಮ್ಮತ್ತಿಗೆ ರಾಗಿಗೆ ರೇಡಿಯೋ ಹಾಕಿಸ್ತಾವ್ರೆ ನೋಡ್ರಪ್ಪೋ" ಎಂದು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದ. ಚಪ್ಪಡಿಯ ಅಂಚಿಗೆ ಪೈಪು ಇಟ್ಟು, ಸುತ್ತ ಕೆಮ್ಮಣ್ಣು ಸಗಣಿ ಕಲಸಿ ಮೆತ್ತಿದರು. ಪೈಪಿನ ಬಾಯಿಗೆ ಮೇಣ. ಆ ಜಾಗದಲ್ಲೇ ಪೈಪು ಇಡಬೇಕೆಂದು ತೀರ್ಮಾನಿಸಿದವರು ಯಾರು? ಶಿಲ್ಪಿಯ ಪ್ರಕಾರ ಮೈದುನ. ಮೈದುನನ ಪ್ರಕಾರ ಶಿಲ್ಪಿ. ನನ್ನ ನೆನಪಿನಲ್ಲಿ ದೊಡ್ಡಮ್ಮ ಬಗ್ಗಿ, ಬೆರಳು ತೋರಿಸಿ, "ಇಲ್ ಬಿಡಪ್ಪ, ತುಳಿಯೋರ್ ಕಾಲಿಗೆ ಸಿಗಲ್ಲ" ಎನ್ನುತ್ತಾರೆ. ಆದರೆ ಆ ಬೆರಳನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದೆಂಬ ಅನುಮಾನ ನನಗೆ ಇದ್ದೇ ಇದೆ. ತಪ್ಪಿನಲ್ಲಿ ಎಲ್ಲರಿಗೂ ಸಮಪಾಲು ಸಿಗಲಿ ಎಂದು ನೆನಪು ಇಂಥ ಕೆಲಸ ಮಾಡುತ್ತದೆ.

ಮೊದಮೊದಲು ಶೆಡ್ಡಿನ ಸ್ಪೀಕರಿನಲ್ಲಿ ಕೇಳಿಸುತ್ತಿದ್ದುದು ಊರಿನ ಮಗ್ಗಗಳು ಮಾತ್ರ. ನೆಲದ ಮೂಲಕ ಇಳಿದು, ರಾಗಿಯೊಳಗೆ ನುಗ್ಗಿ, ತಂತಿ ಹತ್ತಿ ಮತ್ತೆ ನಮ್ಮ ಬಳಿಗೇ ಬರುತ್ತಿದ್ದವು. ಶಿಲ್ಪಿ ಹತಾಶಳಾಗಿ ಕಾರಿನ ಬ್ಯಾಟರಿಯೊಂದನ್ನು ತಂದಳು. ಕರೆಂಟು ಹೋದಾಗ ಅದರಿಂದ ಸ್ಪೀಕರು ಓಡಿಸಿದರೆ ಮಗ್ಗದ ಕಾಟವಿರುವುದಿಲ್ಲ. ಹಾಗೆ ಮಾಡಿದಾಗ ಕೇಳಿಸಿದ್ದು ಹೆಚ್ಚುಕಡಿಮೆ ಏನೂ ಇಲ್ಲ. ಒಣ ಮರಳಿನ ಮೇಲೆ ಯಾರೋ ಬೆರಳಾಡಿಸಿದ ಹಾಗೆ, ಅದೂ ಬಹಳ ಹೊತ್ತಿಗೊಮ್ಮೆ.

ಕರೆಂಟು ಹೋದರೆ ಕಂಡಿಕೆ ಸುತ್ತುವ ಮಿಷನ್ನೂ ನಿಲ್ಲುತ್ತಿತ್ತು. ದೊಡ್ಡಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಶೆಡ್ಡಿಗೆ ಬಂದು ಸ್ಪೀಕರಿನ ಮುಂದೆ ಕೂರುತ್ತಿದ್ದರು.

"ಏನ್ ಅಂತೈತೆ ತಾಯಿ?"

"ಏನೂ ಅಂತಿಲ್ಲಮ್ಮ. ಸುಮ್ನಿದೆ."

"ಸುಮ್ಕೇ ಇರ್ಬೇಕು ಕಣವ್ವ ಅದು. ಮಲಗ್ಲಿ ಅಂತ ತಾನೆ ಇಟ್ಟಿರೋದು" ಎಂದು ನಗುತ್ತಿದ್ದರು. ಆ ನಗುವಿನಲ್ಲಿ ನೆಮ್ಮದಿ ಇತ್ತು ಎಂದು ಈಗ ಅನ್ನಿಸುತ್ತದೆ. ಶಿಲ್ಪಿಯ ಮುಖದಲ್ಲಿ ಇರಲಿಲ್ಲ. ಯಾರೂ ಮೌನ ಕೇಳಲು ಬೆಂಗಳೂರಿನಿಂದ ಬರುವುದಿಲ್ಲ.

ಬೇಸಿಗೆ ನೆತ್ತಿಗೇರಿದ ಮೇಲೆ ಒಂದೆರಡು ಅಡ್ಡಮಳೆ ಬಂದವು. ಬಂದವೆಂದೇ ಬರೆಯುತ್ತಿದ್ದೇನೆ. ಅದಾದ ಸ್ವಲ್ಪ ದಿನಕ್ಕೆ ಸದ್ದು ಬದಲಾಯಿತು. ಒಂದು ಮಧ್ಯಾಹ್ನ ಕರೆಂಟು ಹೋದಾಗ ಸ್ಪೀಕರಿನಿಂದ ಸಣ್ಣ ಚಿಟಪಟ, ಅದರ ಕೆಳಗೆ ಏನೋ ತೆಳುವಾಗಿ ಹರಿದಾಡುವಂಥ ಗುಜುಗುಜು. ದಿನದಿನಕ್ಕೆ ಅದು ದಟ್ಟವಾಯಿತು. ಕಣ್ಣು ಮುಚ್ಚಿ ಕೂತರೆ ದೂರದ ಕೆರೆಯ ದಂಡೆಯಲ್ಲಿ ಕೂತ ಹಾಗಾಗುತ್ತಿತ್ತು. ಶಿಲ್ಪಿ ಅತ್ತಳು. ನನ್ನಂಥ ಅನುಮಾನದ ಪ್ರಾಣಿಯ ಮೈಯಲ್ಲೂ ಜುಮ್ಮೆಂದಿತು. ಉಷ್ಣ ತೋರಿಸುವ ಮೀಟರಿನ ಮುಳ್ಳು ಏರಿತ್ತು. ಅವಳು ಉಗುರಿನಿಂದ ಗಾಜಿನ ಮೇಲೆ ಎರಡು ಸಲ ತಟ್ಟಿ, ಬೇಸಿಗೆಯಲ್ಲವಾ, ನೆಲ ಕಾದಿದೆ ಎಂದಳು. ಅದು ನಮಗೆಲ್ಲ ಸರಿಯೆನಿಸಿತು. ನಮಗೆ ಮೈಯೆಲ್ಲ ಬೆವರುತ್ತಿತ್ತು, ನೆಲ ಕಾಯದೆ ಇದ್ದೀತೆ?

ಸುದ್ದಿ ಬೆಂಗಳೂರು ಮುಟ್ಟಿತು. ಶನಿವಾರ ಭಾನುವಾರ ಕಾರುಗಳು ಬಂದವು. ಖಾದಿ ಜುಬ್ಬಾದ ಒಬ್ಬರು ಸ್ಪೀಕರಿನ ಮುಂದೆ ಪದ್ಮಾಸನ ಹಾಕಿ ಕೂತು, ಎದ್ದು, ಭೂಮಿಯ ಉಸಿರು ಕೇಳಿದೆ ಎಂದರು.

"ಟಿಕೀಟ್ ಮಡಗಿ ಅತ್ತಿಗೆ" ಎಂದ ಮೈದುನ. "ನಮ್ ಟಾಕೀಸ್‌ಗಿಂತ ಜನ ಬತ್ತಾವ್ರೆ. ಇಂಟರ್‌ವಲ್‌ನಾಗೆ ಕಡ್ಲೆಕಾಯಿ ನಾನ್ ಮಾರ್ತೀನಿ."

"ನೀನ್ ಮೊದ್ಲು ಬಂದು ಕೇಳ್ಲಾ. ಸುಮ್ಕೆ ಬಾಯ್ ಬಡ್ಕೋಬೇಡ."

ಅವನು ಬಂದು ಕೇಳಿದ. ಅವನ ಹೆಂಡತಿಯೂ, ಉಳಿದೆರಡು ಮನೆಯ ಹೆಂಗಸರೂ ಬಂದರು. ಶೆಡ್ಡಿನ ನೆಲದಲ್ಲಿ ಸಾಲಾಗಿ ಕೂತು, ಬಾಯಿಗೆ ಸೆರಗು ಅಡ್ಡ ಹಿಡಿದು, ತಮ್ಮ ರಾಗಿಯನ್ನು ತಾವೇ ಕೇಳಿದರು. ಅವರಲ್ಲೊಬ್ಬಳು ಏಳುವಾಗ ಹೇಳಿದ್ದು ಮಾತ್ರ ನನಗೆ ಅಕ್ಷರ ಅಕ್ಷರವಾಗಿ ನೆನಪಿದೆಯೆಂದು ನಂಬಿದ್ದೇನೆ: "ಬರೋ ವರ್ಷಾನೂ ಹಾಕಣ ಬಿಡಕ್ಕ. ಇಷ್ಟ್ ಜೀವ ಐತೆ ಅಂತ ನಮ್ಗೇನ್ ಗೊತ್ತು."

ದೊಡ್ಡಮ್ಮ ಸೆರಗು ಬಿಗಿದುಕೊಂಡು ಎದ್ದರು. ಅವತ್ತು ಅವರು ಮನೆಗೆ ಹೋದ ನಡಿಗೆಯಲ್ಲಿ ಒಂದು ಬಿಗುಮಾನವಿತ್ತು. ಗೆದ್ದವರ ನಡಿಗೆ.

ತೆಗೆಯುವ ದಿನ ಬೆಳಿಗ್ಗೆಯೇ ಬೆಂಗಳೂರಿನಿಂದ ವ್ಯಾನು ಬಂತು. ಅಂಗಳದಲ್ಲಿ ಶಾಮಿಯಾನ, ಮೂಲೆಯಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಮುದ್ದೆಗೆ ಎಸರು. ರಾಗಿ ಬಂದ ಕೂಡಲೇ ಬೀಸಿಕೊಡಲು ಪಕ್ಕದ ಮನೆಯವರು ಕಲ್ಲು ತೊಳೆದಿಟ್ಟಿದ್ದರು. ನಾಲ್ಕು ಮನೆಯವರೂ ಕುಕ್ಕೆ, ಚೀಲ ಹಿಡಿದು ನಿಂತಿದ್ದರು. ದೊಡ್ಡಮ್ಮ ಹೊಸ ಸೀರೆ ಉಟ್ಟು ಕೊಳಗಕ್ಕೆ ಕುಂಕುಮ ಹಚ್ಚಿದ್ದರು.

ಮೈದುನ ಹಾರೆಯಿಂದ ಮಣ್ಣು ಕೆದಕಿ, ಇನ್ನೊಬ್ಬನ ಜೊತೆ ಚಪ್ಪಡಿ ಸರಿಸಿದ. ಹಗೇವು ತೆಗೆದ ಮೇಲೆ ಒಳಗಿನ ಕೆಟ್ಟ ಗಾಳಿ ಹೋಗಲೆಂದು ಎಲ್ಲರೂ ಹಿಂದೆ ಸರಿದು ಕಾಯಬೇಕು, ಆಮೇಲೆ ದೀಪ ಇಳಿಸಿ, ಅದು ಆರದಿದ್ದರಷ್ಟೇ ಒಳಗಿಳಿಯಬೇಕು. ನಾವು ಸರಿದೆವು. ಆದರೆ ವಾಸನೆ ನಮ್ಮ ಹಿಂದೆಯೇ ಬಂತು. ಹುಳಿ ಬಂದ ಹಿಟ್ಟು, ಅದರ ಜೊತೆ ಒದ್ದೆ ಗೋಣಿಯ ನಾತ. ಬಿಸಿಯಾಗಿತ್ತು ಆ ಗಾಳಿ. ದೀಪ ಇಳಿಸಿದರೆ ಆರಿತು. ಮತ್ತೆ ಕಾದು ಇಳಿಸಿದರು, ಮತ್ತೆ ಆರಿತು. ಅತಿಥಿಗಳು ಅದನ್ನು ನೋಡಿ ಚಪ್ಪಾಳೆ ತಟ್ಟಿದರು ಎಂದು ನನಗೆ ನೆನಪು. ಊರಿನವರು ಹಿಡಿದಿದ್ದ ಕುಕ್ಕೆಗಳನ್ನು ಕೆಳಗಿಟ್ಟರು.

ಬಹಳ ಹೊತ್ತಿನ ಮೇಲೆ ದೀಪ ನಿಂತಿತು. ಮೈದುನ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಮೊದಲ ಕುಕ್ಕೆ ಮೇಲೆ ಬಂತು. ರಾಗಿಯಲ್ಲ, ಹೆಂಟೆ. ಕಪ್ಪು, ಬಿಳಿ ಬೂಷ್ಟು ಹಿಡಿದ ಹೆಂಟೆಗಳು. ಎರಡನೆಯ ಕುಕ್ಕೆಯನ್ನು ಸುರಿದಾಗ ರಾಶಿ ತಾನಾಗಿ ಅಲುಗಾಡಿತು: ಎಳ್ಳಿಗಿಂತ ಸಣ್ಣ ಹುಳುಗಳು ಬಿಸಿಲಿಗೆ ಬಿದ್ದು ಎಲ್ಲ ದಿಕ್ಕಿಗೂ ಹರಿಯತೊಡಗಿದವು. ಆಮೇಲೆ ಬಂದದ್ದೂ ಅಷ್ಟೇ. ಕೈಯಿಟ್ಟರೆ ಆಗತಾನೆ ಒಲೆಯಿಂದ ಇಳಿಸಿದಷ್ಟು ಬೆಚ್ಚಗಿತ್ತು. ತಳದಲ್ಲಿ ಒಂದಿಷ್ಟು ಒಳ್ಳೆಯ ರಾಗಿ ಇತ್ತೆಂದು ಕೆಲವರು ಹೇಳುತ್ತಾರೆ. ನಾನು ನೋಡಲಿಲ್ಲ, ಅಥವಾ ನೋಡಿ ಮರೆತಿದ್ದೇನೆ.

ವ್ಯಾನಿನಲ್ಲಿ ಬಂದಿದ್ದ ಒಬ್ಬರು ಫೋಟೋ ತೆಗೆಯುತ್ತ ಶಿಲ್ಪಿಯನ್ನು ಕೇಳಿದರು: "ಕೊಳೆಯುವುದೇ ಕೃತಿಯ ಭಾಗವಾ?" ಅವಳು ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ನಾನು ಎಷ್ಟೋ ವರ್ಷ ಯೋಚಿಸಿದ್ದೇನೆ. ಬಹುಶಃ ಅವಳಿಗೆ ಪ್ರಶ್ನೆಯೇ ಕೇಳಿಸಿರಲಿಲ್ಲ.

ದೊಡ್ಡಮ್ಮ ಒಂದು ಹಿಡಿ ತೆಗೆದು ಮೂಸಿದರು. ಕೆಳಗೆ ಹಾಕಲಿಲ್ಲ, ಮುಷ್ಟಿಯಲ್ಲೇ ಹಿಡಿದುಕೊಂಡಿದ್ದರು. ಮೂರು ಮನೆಯವರು ಖಾಲಿ ಚೀಲಗಳನ್ನು ಮಡಚಿದರು. ಜಗಳವಾಗಲಿಲ್ಲ. ಒಬ್ಬಳು ದೊಡ್ಡಮ್ಮನ ಭುಜ ಮುಟ್ಟಿ, "ಓಗ್ಲಿ ಬಿಡಕ್ಕ" ಎಂದಳು. ಆ ಹೆಂಗಸಿನ ದನಿಯಲ್ಲಿ ಸಿಟ್ಟು ಇರಲಿಲ್ಲ. ಮುಗಿದುಹೋದ ಕೆಲಸದ ಬಗ್ಗೆ ಮಾತಾಡುವ ಹಾಗಿತ್ತು ಅದು. ಎಸರು ಸುಮ್ಮನೆ ಕುದಿಯುತ್ತಿತ್ತು. ಬಂದವರನ್ನು ಹಸಿದು ಕಳಿಸುವುದು ಹೇಗೆಂದು ಯಾರೋ ಮಿಲ್ಲಿಗೆ ಓಡಿ ಹಿಟ್ಟು ತಂದರು. ಮಿಲ್ಲಿನ ಹಿಟ್ಟಿನ ಮುದ್ದೆಯನ್ನು ಅತಿಥಿಗಳು ಚೆನ್ನಾಗಿದೆ ಎಂದು ಉಂಡರು. ನಾನೂ ಉಂಡೆ.

ಯಾಕೆ ಹೀಗಾಯಿತು ಎಂಬುದಕ್ಕೆ ಆಮೇಲೆ ನಾಲ್ಕಾರು ಕಾರಣಗಳು ಹುಟ್ಟಿದವು. ಪೈಪಿನ ಪಕ್ಕದ ಮಣ್ಣು ಬಿರಿದು ಮಳೆ ನೀರು ಇಳಿದಿತ್ತು. ಅಲ್ಲ, ಬಚ್ಚಲ ನೀರು ಒಸರಿತ್ತು. ಅಲ್ಲ, ರಾಗಿ ಸರಿಯಾಗಿ ಒಣಗಿರಲಿಲ್ಲ. ಮಗ್ಗಗಳ ಅದುರಿಗೆ ಗೋಡೆ ಬಿರುಕು ಬಿಟ್ಟಿತ್ತೆಂದೂ ಒಬ್ಬರು ಹೇಳಿದರು. ನನ್ನ ಓದು ನನಗೆ ಕಲಿಸಿದ್ದು ಎಲ್ಲ ಕಾರಣಗಳನ್ನೂ ತೂಗಿ ನೋಡು ಎಂದು. ತೂಗುತ್ತಲೇ ಇದ್ದೇನೆ. ಅದರಿಂದ ಒಂದು ಹಿಡಿ ರಾಗಿಯೂ ಹಿಂದಕ್ಕೆ ಬಂದಿಲ್ಲ.

ಶಿಬಿರ ಮುಗಿದು ನಾನು ಹೊರಡುವ ದಿನ ದೊಡ್ಡಮ್ಮ ಬಾಗಿಲಲ್ಲಿ ಕಂಡಿಕೆ ಸುತ್ತುತ್ತಿದ್ದರು. ಬರ್ತೀನಿ ಎಂದೆ. ಮಿಷನ್ನು ನಿಲ್ಲಿಸಿದರು.

"ಒಂದ್ ಮಾತು ಕೇಳ್ತೀನಿ ಮೇಷ್ಟ್ರೇ. ಓದಿರೋರು ನೀವು. ಮಳೆ ಬಂದ್ ಮ್ಯಾಲೆ ಅಷ್ಟ್ ಚಂದಾಗ್ ಕೇಳ್ತಿತ್ತಲ್ಲ, ಅದು ಕೆಡ್ತಾ ಇದ್ದ ಸದ್ದಾ?"

"ಗೊತ್ತಿಲ್ಲ ದೊಡ್ಡಮ್ಮ."

"ಅದ್ನೇ ಕೇಳ್ಕಂಡು ಕೂತಿದ್ವಾ ನಾವು? ದಿನಾ ಬಂದು, ಎಲ್ರನ್ನೂ ಕರ್ಕಂಬಂದು?"

ಅವರು ಮತ್ತೆ ಮಿಷನ್ನು ಶುರು ಮಾಡಿದರು, ಮಾತಿಗೆ ಜಾಗವಿಲ್ಲದಾಯಿತು. ಆ ಸದ್ದಿಗೂ ಹುಳುಗಳಿಗೂ ಸಂಬಂಧವಿತ್ತೆಂದು ಈಗಲೂ ನಾನು ಸಾಬೀತುಪಡಿಸಲಾರೆ. ಹಳೆಯ ಮೈಕು, ತುಕ್ಕು ಹಿಡಿದ ತಂತಿ, ತೇವ ತಾಗಿ ತಾನೇ ಚಿಟಗುಟ್ಟಿರಬಹುದು. ಆದರೆ ಅವರ ಪ್ರಶ್ನೆಗೆ ಅದು ಉತ್ತರವಲ್ಲ. ಮುಳ್ಳು ಏರಿದ್ದನ್ನು ನಾವೆಲ್ಲರೂ ನೋಡಿದ್ದೆವು. ಕಣ್ಣ ಮುಂದಿದ್ದ ಆ ಮುಳ್ಳನ್ನು ಬಿಟ್ಟು ಕಿವಿಗೆ ಹಿತವಾದದ್ದನ್ನು ನಂಬಿದೆವು.

ಶಿಲ್ಪಿ ತನ್ನ ತಂತಿಗಳನ್ನು ಸುತ್ತಿಕೊಂಡು ಹೋದಳು. ಆಮೇಲೆ ಅವಳು ಏನು ಮಾಡಿದಳೋ ನನಗೆ ತಿಳಿಯದು. ಸಂಸ್ಥೆಯವರು ಮುಂದಿನ ವರ್ಷ ಹೊಸಕೋಟೆ ಕಡೆ ಹಾಲಿನ ಮೇಲೆ ಶಿಬಿರ ಮಾಡಿದರು. ನನ್ನನ್ನು ಕರೆದರು, ನಾನು ಹೋಗಲಿಲ್ಲ. ಹಗೇವುಗಳ ಕಾಲ ಹೇಗೂ ಮುಗಿಯುತ್ತಿತ್ತು, ನಾವು ಬರದಿದ್ದರೂ ಮುಗಿಯುತ್ತಿತ್ತು ಎಂದು ಸ್ನೇಹಿತರು ಸಮಾಧಾನ ಹೇಳಿದ್ದಾರೆ. ಇರಬಹುದು. ಆದರೆ ಇನ್ನೊಂದು ಸಲ ಹಾಕೋಣ ಎಂದು ಆ ಹೆಂಗಸು ಹೇಳಿದ್ದಳಲ್ಲ. ಅದನ್ನು ಹೇಳಿಸಿದ್ದೂ ಆ ಸದ್ದೇ, ಸುಳ್ಳು ಮಾಡಿದ್ದೂ ಅದೇ ಬೇಸಿಗೆ. ಇದನ್ನು ಎಲ್ಲಿಟ್ಟು ತೂಗುವುದೋ ನನಗೆ ತಿಳಿದಿಲ್ಲ.

ಆ ದಶಕ ಮುಗಿಯುವ ಹೊತ್ತಿಗೆ ಒಮ್ಮೆ ಆ ಊರಿಗೆ ಹೋಗಿದ್ದೆ. ದೊಡ್ಡಮ್ಮ ಗುರುತು ಹಿಡಿದು ಕಾಫಿ ಕೊಟ್ಟರು, ಮಗ್ಗದ ಮಾತಾಡಿದರು, ಹಗೇವಿನ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ನನ್ನ ನೆನಪನ್ನು ನಂಬದ ನಾನು ಒಂದನ್ನಾದರೂ ಖಾತ್ರಿ ಮಾಡಿಕೊಳ್ಳಬೇಕೆಂದು ಅವತ್ತು ಮಧ್ಯಾಹ್ನ ಉಳಿದ ಮೂರು ಮನೆಗಳಿಗೂ ಬೇರೆ ಬೇರೆಯಾಗಿ ಹೋಗಿ ಕೇಳಿದೆ. ಅಷ್ಟು ಹೊತ್ತಿಗೆ ಅವರವರೊಳಗೆ ಮಾತು ನಿಂತಿತ್ತು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪುವ ಕಾಲವಾಗಿರಲಿಲ್ಲ. ಮೂವರೂ ಒಂದೇ ಮಾತು ಹೇಳಿದರು: ಅದಾದ ಮೇಲೆ ಆ ಊರಿನಲ್ಲಿ ಯಾರೂ ಹಗೇವಿಗೆ ರಾಗಿ ಹಾಕಿಲ್ಲ.